ಗೇರಿಗೊಂದು ಎಣ್ಣೆ, ನನಗೊಂದು ಎಣ್ಣೆ

ಮೊನ್ನೆ ಬಿಣಗಾದ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಅರ್ಧ ದಿನ ಕೂತಿದ್ದೆ. ಮಗನ ಕಾರಿನ ಗೇರ್ ಎಣ್ಣೆ ಬದಲಿಸುವುದಿತ್ತು. ಮೆಕ್ಯಾನಿಕ್ ಎರಡು ಡಬ್ಬಿ ತಂದಿಟ್ಟು, ಯಾವುದು ಹಾಕಲಿ ಎಂದ. ಮಗ ಎರಡನ್ನೂ ಜಾತಕ ಕೂಡಿಸುವ ಭಟ್ಟರ ಹಾಗೆ ತಿರುಗಿಸಿ ತಿರುಗಿಸಿ ಓದಿದ. ನಾನು ಒಂದರ ಮುಚ್ಚಳ ತೆಗೆಸಿ ಮೂಸಿದೆ.

"ಆಯಿ, ಅದು ಮೂಸಿ ನೋಡೂದಲ್ಲ," ಎಂದು ಮಗ ನಕ್ಕ.

ಅವನಿಗೇನು ಗೊತ್ತು! ಅವನು ಹುಟ್ಟುವ ಮೊದಲು ನಮ್ಮ ಮನೆಯ ಗೇರ್ ಎಣ್ಣೆಯನ್ನು ಅಂಕೋಲೆಯ ಬೆಕ್ಕುಗಳೂ ಮೂಸಿಯೇ ಗುರುತು ಹಿಡಿಯುತ್ತಿದ್ದವು.

ಇದು ಮೂವತ್ತರ ದಶಕದ ಮಾತು. ಬೊಂಬಾಯಿಯ ಆಗಬೋಟು ಹೊಗೆ ಬಿಡುತ್ತ ಕಾರವಾರ ಬಂದರಿಗೆ ಬರುತ್ತಿದ್ದ ಕಾಲ. ಗದ್ದೆ ಮಾಡಿಕೊಂಡು ಸುಖವಾಗಿದ್ದ ನಮ್ಮ ಯಜಮಾನರಿಗೆ ಅದೆಲ್ಲಿಂದಲೋ ಮೋಟಾರಿನ ಹುಚ್ಚು ಹತ್ತಿತು. ಯಾರೋ ಸಾಹೇಬರು ಬಳಸಿ ಬಿಟ್ಟ ಗಾಡಿಯನ್ನು ತಂದು ಬಾಡಿಗೆಗೆ ಓಡಿಸತೊಡಗಿದರು. ಕುಂಟನಿಗೆ ಎಂಟು ಚೇಷ್ಟೆ ಎನ್ನುತ್ತಾರಲ್ಲ, ಇದಕ್ಕೆ ಹದಿನೆಂಟು. ಏರು ಬಂತೆಂದರೆ ಗೇರ್ ಪೆಟ್ಟಿಗೆ ಊಳಿಡುತ್ತಿತ್ತು. ಪೇಟೆಯಲ್ಲಿ ಜನ ಕೆಲಸ ಬಿಟ್ಟು ತಿರುಗಿ ನೋಡುತ್ತಿದ್ದರು. ಅವರು ಮೆಚ್ಚಿ ನೋಡುತ್ತಾರೆ ಎಂದು ನಮ್ಮವರ ನಂಬಿಕೆ.

ಕಾರವಾರದ ಕೋಡಿಬಾಗದಲ್ಲಿ, ನನ್ನ ತವರಿನಲ್ಲಿ, ತಂಗಿಯ ಮದುವೆ ಗೊತ್ತಾಯಿತು. ಹೆಂಡತಿಯನ್ನು ಮೋಟಾರಿನಲ್ಲೇ ಕರೆತರುತ್ತೇನೆಂದು ಇವರು ನನ್ನ ತವರಿಗೆಲ್ಲ ಡಂಗುರ ಸಾರಿ ಬಂದಿದ್ದರು. ನಾನು ಕಡ್ಡಿ ಮುರಿದ ಹಾಗೆ ಹೇಳಿದೆ: "ಅದರ ಅಳು ನಿಲ್ಲೂವರೆಗೆ ನಾ ಕೂರೂದಿಲ್ಲ. ಎತ್ತಿನ ಗಾಡಿಲೇ ಹೋಗ್ತೆ."

ಇವರ ಮುಖ ಸಣ್ಣದಾಯಿತು. ಬೊಂಬಾಯಿಗೆ ಬರೆದು ಹಾಕಿದ್ದ ಗೇರ್ ಎಣ್ಣೆಯ ಸುದ್ದಿಯೇ ಇಲ್ಲ. ಮದುವೆಯೋ ಹತ್ತಿರ ಬಂತು. ಅಂದಿನಿಂದ ಎಣ್ಣೆಯ ವಿಚಾರಣೆ ಶುರುವಾಯಿತು. ನೀವೇ ಹೇಳಿ, ನಮ್ಮ ಕಡೆ ಎಣ್ಣೆಗೇನು ಬರ? ತಲೆಗೆ ಕೊಬ್ಬರಿ ಎಣ್ಣೆ, ದೀಪಕ್ಕೆ ಹೊನ್ನೆ ಎಣ್ಣೆ. ಅತ್ತೆಯ ಮತ ಹರಳೆಣ್ಣೆಗೆ. "ಹೊಟ್ಟೆ ಹಿಡ್ಕಂಡವ್ರಿಗೆ ಅದೇ ಮದ್ದು. ನಿನ್ನ ಮೋಟಾರಿಗೂ ಹೊಟ್ಟೆನೇ ಹಿಡದದೆ," ಎಂದರು. ಇವರು ಯಾರ ಮಾತೂ ಕೇಳದೆ ಒಂದು ದಿನ ಡಬ್ಬಿ ತುಂಬ ದೋಣಿಗೆ ಹಚ್ಚುವ ಎಣ್ಣೆ ತಂದರು. ಮೀನೆಣ್ಣೆಯಲ್ಲಿ ರಾಳ ಹಾಕಿ ಕುದಿಸಿದ್ದು, ಪಾಕದಷ್ಟು ಮಂದ.

"ಉಪ್ಪುನೀರೇ ದೋಣಿನ ಮುಟ್ಟೂಕಾಗೂದಿಲ್ಲ. ಗೇರಿಗೆ ಏನಾಗ್ತದೆ?" ಎಂದು ಸುರಿದೇಬಿಟ್ಟರು.

ನಗಬೇಡಿ, ಮೋಟಾರು ಬಾಯಿ ಮುಚ್ಚಿತು! ಕೊಟ್ಟ ಮಾತಿನಂತೆ ನಾನು ಹತ್ತಿ ಕೂತೆ. ಬೆಕ್ಕುಗಳು ಅಂಗಳದ ಕೊನೆಯವರೆಗೆ ಬಂದು ಬೀಳ್ಕೊಟ್ಟವು. ಪೇಟೆ ದಾಟುವವರೆಗೆ ಕಾಗೆಗಳು ಮೇಲೆಯೇ ಇದ್ದವು. ಬಿಣಗಾದ ಏರು ಹತ್ತುವಾಗ ಎಣ್ಣೆ ಕಾದು, ಕಾಲಡಿಯ ಹಲಗೆಯ ಸಂದಿನಿಂದ ವಾಸನೆ ಗಪ್ಪೆಂದು ಎದ್ದಿತು. ನಾನು ಸೆರಗು ಮುಚ್ಚಿಕೊಂಡು ಅಳತೊಡಗಿದೆ.

ಇವರು ಗಾಡಿ ನಿಲ್ಲಿಸಿದರು. "ವಾಸ್ನೆಗೆ ತಲೆ ತಿರುಗ್ತಾ? ನಂದೇ ತಪ್ಪು. ಇಳಿ, ಗಾಳಿಗೆ ಕೂತ್ಕೊ."

ನಾನು ಇಳಿಯದೆ, ಮುಂದೆ ಹೋಗಿ ಎಂದು ಕೈ ಮಾಡಿದೆ. ಅದು ನನ್ನ ತವರಿನ ವಾಸನೆ. ಮಳೆಗಾಲದ ಮೊದಲು ಕಾಳಿ ನದಿಯ ದಂಡೆಯಲ್ಲಿ ದೋಣಿಗಳನ್ನು ಬೋರಲು ಹಾಕಿ ಇದೇ ಎಣ್ಣೆ ಹಚ್ಚುತ್ತಿದ್ದರು. ತಂಗಿ ಮತ್ತು ನಾನು ಅವುಗಳ ನೆರಳಿನಲ್ಲಿ ಮನೆಯಾಟ ಆಡುತ್ತಿದ್ದೆವು. ಮದುವೆಯಾದ ಮೇಲೆ ತವರಿನ ಮುಖ ನೋಡಿದ್ದೇ ಅಪರೂಪ. ಎಷ್ಟು ಬೇಸರವಾಗಿತ್ತೆಂದು ನನಗೇ ಅಂದು ತಿಳಿದದ್ದು.

ಮದುವೆ ಮುಗಿಯಿತು. ರಾತ್ರಿಯ ತಂಪಿಗೆ ರಾಳ ಗಟ್ಟಿಯಾಗಿ ಗೇರ್ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ದಿಬ್ಬಣದವರು ಮದುಮಗಳನ್ನು ಬಿಟ್ಟು ಮೋಟಾರು ನೋಡಲು ನಿಂತರು. ಪುಣ್ಯಕ್ಕೆ ಬೊಂಬಾಯಿಯ ಡಬ್ಬಿ ಬಂದರಿನಲ್ಲಿ ಇಳಿದಿತ್ತು. ಇವರು ಪೆಟ್ಟಿಗೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಎಣ್ಣೆ ತುಂಬಿದರು. ಮರಳುವಾಗ ಊಳೂ ಇಲ್ಲ, ವಾಸನೆಯೂ ಇಲ್ಲ. ಇವರು ಮೀಸೆಯಲ್ಲೇ ನಗುತ್ತಿದ್ದರು.

"ಆ ವಾಸ್ನೆ ಪೂರಾ ಹೋಯ್ತಾ?" ಎಂದೆ.

"ಪೂರಾ! ಇನ್ನು ನೀ ಅಳೂದು ಬೇಡ."

"ಅದಕ್ಕೆ ಅತ್ತದ್ದಲ್ಲ," ಎಂದು ದೋಣಿಯ ಕತೆ ಹೇಳಿದೆ.

ವಾರದ ಮೇಲೆ ನನ್ನ ಸೀಟಿನ ಕೆಳಗೆ ಒಂದು ತೆಂಗಿನ ಕರಟ ಕಂಡಿತು. ಒಳಗೆ ಮೀನೆಣ್ಣೆಯಲ್ಲಿ ಅದ್ದಿದ ಬಟ್ಟೆಚೂರು. ಕಾರವಾರಕ್ಕೆ ಹೋದಾಗಲೆಲ್ಲ ಇವರು ಕೋಡಿಬಾಗದ ದಂಡೆಗೆ ಹೋಗಿ ಅದನ್ನು ಹೊಸದಾಗಿ ಅದ್ದಿಕೊಂಡು ಬರುತ್ತಿದ್ದರು. ಬಾಡಿಗೆಯವರು ಮೂಗು ಮುಚ್ಚಿಕೊಂಡು ಇದೇನೆಂದು ಕೇಳಿದರೆ, "ಅದು ಗೇರಿಗೆ ಬೇಕು," ಎಂದು ಗಂಭೀರವಾಗಿ ಹೇಳುತ್ತಿದ್ದರು. ಗಾಡಿ ಮಾರುವವರೆಗೂ ಆ ಕರಟ ಅಲ್ಲೇ ಇತ್ತು.

ಅವರು ತೀರಿಕೊಂಡ ಮೇಲೆ ಕೋಡಿಬಾಗದ ಕಡೆ ನಾನು ತಲೆ ಹಾಕಿರಲಿಲ್ಲ. ದಂಡೆ ಕಂಡರೆ ಅವರೇ ಬಗ್ಗಿ ಬಟ್ಟೆ ಅದ್ದುತ್ತಿರುವ ಹಾಗೆ ಕಾಣುತ್ತದೆ ಎಂಬ ಹೆದರಿಕೆ. ಮೊನ್ನೆ ಆ ಡಬ್ಬಿ ಮೂಸಿ ದೋಣಿಯ ವಾಸನೆ ಸಿಗದಿದ್ದಾಗ, ಹಾಗೆ ಕಂಡರೆ ಕಾಣಲಿ ಅನ್ನಿಸಿತು.

ಮಗ ಕೊನೆಗೂ ಒಂದು ಡಬ್ಬಿ ಆರಿಸಿದ. ಕೆಲಸ ಮುಗಿದ ಮೇಲೆ, ಕಾರು ಕೋಡಿಬಾಗದ ದಂಡೆಗೆ ತಿರುಗಿಸು ಎಂದೆ. ಮೆಕ್ಯಾನಿಕ್‌ನ ಹತ್ತಿರ ಹಳೇ ಬಟ್ಟೆಚೂರೊಂದನ್ನು ಕೇಳಿದೆ.

"ಕೈ ಒರೆಸೂಕಾ, ಆಯಿ?" ಎಂದು ಮೆಕ್ಯಾನಿಕ್ ಒಂದನ್ನು ಕೊಟ್ಟ.

"ಅಲ್ಲ ಮಗಾ," ಎಂದು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. "ಇದು ಗೇರಿಗೆ ಬೇಕು."