ಬೀಡಿ ಕಟ್ಟುವ ಕೈಗೆ ಬಂದ ಮೂರನೇ ರೂಪ

೨೦೦೮ ಇರಬೇಕು, ಒಂದು ವರ್ಷ ಹಿಂದೆ ಮುಂದೆ ಆಗಿದ್ದರೆ ತಪ್ಪು ನನ್ನ ನೆನಪಿನದು. ಆಗ ನಾನು ನಿಪ್ಪಾಣಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಶಿಕ್ಷಕ. ಶಾಲೆ ಬಿಟ್ಟ ಮೇಲೆ, ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕೂರುವವರಿಗೆ ಒಂದು ತಾಸು ಪಾಠ ಹೇಳುತ್ತಿದ್ದೆ. ಅವರಲ್ಲಿ ಮಂಗಲಾಬಾಯಿ ಒಬ್ಬರು. ವಯಸ್ಸು ಮೂವತ್ತು ದಾಟಿತ್ತು, ದಿನವಿಡೀ ಬೀಡಿ ಕಟ್ಟುವ ಕೆಲಸ. ಅವರ ಓಣಿಯ ಅಂಗನವಾಡಿಗೆ ಕಾರ್ಯಕರ್ತೆ ಬೇಕಾಗಿತ್ತು. ಎಸ್ಸೆಸ್ಸೆಲ್ಸಿ ಪಾಸಾದವರು ಮಾತ್ರ ಅರ್ಜಿ ಹಾಕಬಹುದಿತ್ತು. ಇಂಗ್ಲಿಷ್ ಒಂದೇ ಉಳಿದಿತ್ತು, ಅದು ಎರಡು ಸಲ ಕೈಕೊಟ್ಟಿತ್ತು.

ತೊಡಕು ಪಾಸ್ಟ್ ಪಾರ್ಟಿಸಿಪಲ್‌ನದು, ಅಂದರೆ ಕ್ರಿಯಾಪದದ ಮೂರನೇ ರೂಪದ್ದು. ರೈಟ್, ರೋಟ್, ರಿಟನ್. 'ಹ್ಯಾವ್' ಆದಮೇಲೆ ಬರಬೇಕಾದ್ದು ಈ ಮೂರನೆಯದೇ. ಮಂಗಲಾಬಾಯಿ ಬಿಡದೆ ಎರಡನೆಯದನ್ನೇ ಬರೆಯುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಕಲಿತು ಬಂದ ನನಗೆ ಗಿಳಿಪಾಠ ಕಂಡರಾಗದು. ಹಲಗೆಯ ಮೇಲೆ ಕಾಲದ ಗೆರೆ ಎಳೆದು, ಕೆಲಸ ಮುಗಿದಿದೆ, ಅದರ ಫಲ ಈಗಲೂ ಇದೆ ಎಂದೆಲ್ಲ ವಿವರಿಸಿದೆ.

ಅವರು ಗೆರೆಯನ್ನೇ ನೋಡುತ್ತ, "ಅಂದ್ರ ದಾರ ಕಟ್ಟಿದ ಬೀಡಿ ಅನ್ರಿ ಸರ," ಎಂದರು. "ತಂಬಾಕು ಹಾಕೋದು ಒಂದು, ಎಲಿ ಸುತ್ತೋದು ಎರಡು, ದಾರ ಕಟ್ಟೋದು ಮೂರು. ಮೂರಾದ್ರನ ಬುಟ್ಟಿಗೆ ಬೀಳತೈತಿ."

ಅಂದಿನಿಂದ ಕ್ರಿಯಾಪದ ಹೇಳುವಾಗೆಲ್ಲ ಅವರ ಬೆರಳುಗಳು ಗಾಳಿಯಲ್ಲೇ ಬೀಡಿ ಕಟ್ಟತೊಡಗಿದವು. ಟೇಕ್ ಎಂದರೆ ಚಿಟಿಕೆ ತಂಬಾಕು, ಟುಕ್ ಎಂದರೆ ಸುತ್ತು, ಟೇಕನ್ ಎಂದರೆ ಗಂಟು. ಪರೀಕ್ಷೆಯಲ್ಲಿ ಇದೆಲ್ಲ ಬೇಡ ಎಂದು ಗದರಿದೆ. "ಕೈ ಬಿಟ್ಟು ಬಾಯಿ ನಡ್ಯಾಂಗಿಲ್ರಿ," ಎಂದು ನಕ್ಕರು.

ಪರೀಕ್ಷೆ ಚಿಕ್ಕೋಡಿಯಲ್ಲಿ, ಮೇಲ್ವಿಚಾರಣೆಗೆ ನನ್ನನ್ನೂ ಅದೇ ಕೇಂದ್ರಕ್ಕೆ ಹಾಕಿದ್ದರು. ಅಂದು ಇಂಗ್ಲಿಷ್ ಪತ್ರಿಕೆ, ನಾನು ಅದೇ ವಿಷಯದ ಶಿಕ್ಷಕನಾದ್ದರಿಂದ ಕೊಠಡಿ ಕೊಡದೆ ಕಚೇರಿಯಲ್ಲಿ ಕೂರಿಸಿದ್ದರು. ಒಂದು ತಾಸಾಗಿರಬಹುದು, ತಪಾಸಣಾ ದಳದ ಅಧಿಕಾರಿ ಮಂಗಲಾಬಾಯಿಯನ್ನು ಅಲ್ಲಿಗೆ ಕರೆತಂದರು. "ಬೆಂಚಿನ ಕೆಳಗ ಕೈಸನ್ನಿ ಮಾಡಾಕತ್ತಾಳ್ರಿ. ಚೀಟಿ ಸಿಕ್ಕಿಲ್ಲ, ಆದ್ರ ಏನೋ ಐತಿ." ಡಿಬಾರ್ ಆದರೆ ಅಂಗನವಾಡಿಯ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ನನ್ನ ನೆನಪಿನ ಪ್ರಕಾರ ನಾನು ತಟ್ಟನೆ ಎದ್ದೆ. ಅದು ಸನ್ನೆಯಲ್ಲ, ಬೀಡಿ ಕಟ್ಟುವ ಕೈ ಎಂದು ವಿವರಿಸಿದೆ. ನಿಜವೋ ನೋಡೋಣವೆಂದು ಅಧಿಕಾರಿ 'ಬ್ರೇಕ್' ಎಂದರು. ಬೆರಳು ಆಡಿದವು, 'ಬ್ರೋಕನ್'ಗೆ ಸರಿಯಾಗಿ ಗಂಟು ಬಿತ್ತು. ಅಧಿಕಾರಿಗೆ ನಗು ತಡೆಯಲಾಗಲಿಲ್ಲ. "ಹೋಗವ್ವಾ, ಕೈ ಬೆಂಚಿನ ಮ್ಯಾಲಿಟ್ಟು ಸುತ್ತು," ಎಂದರು. ಮಂಗಲಾಬಾಯಿ ಪಾಸಾದರು, ಕೆಲಸವೂ ಸಿಕ್ಕಿತು.

ಏಳೆಂಟು ವರ್ಷಗಳ ನಂತರ ಅವರ ಅಂಗನವಾಡಿಗೆ ಹೋಗಿದ್ದೆ. ಅಲ್ಲಿನ ಸಹಾಯಕಿಗೆ ಈ ಕತೆಯನ್ನು ಹೆಮ್ಮೆಯಿಂದ ಹೇಳಿದೆ. ಮಂಗಲಾಬಾಯಿ ಸೆರಗು ಬಾಯಿಗಿಟ್ಟು ನಕ್ಕರು. "ನೀವ್ ಎಲ್ಲಿ ಮಾತಾಡಿದ್ರಿ ಸರ? ನನಗಿಂತ ನೀವ ಹೆಚ್ಚು ಹೆದರಿದ್ರಿ. ಗಲಾಸ್ ಹಿಡ್ಕೊಂಡು ನೀರು ಕುಡಿಯಾಕತ್ತಿದ್ರಿ. ಕೈ ಮಾಡಿ ತೋರಿಸಿ ಹೇಳಿದಾಕಿ ನಾನ!"

ಗ್ಲಾಸಿನ ನೆನಪು ನನಗೂ ಇದೆ. ಮಾತಾಡಿದ ನೆನಪಿನಲ್ಲಿ ಮಾತ್ರ, ಎಷ್ಟು ಕಿವಿಗೊಟ್ಟರೂ, ನನ್ನ ದನಿ ಕೇಳಿಸುವುದಿಲ್ಲ. ಹಾಗಾಗಿ ಅವರು ಹೇಳಿದ್ದೇ ನಿಜವಿರಬೇಕು. ಆದರೆ ಒಂದು ವಿಷಯದಲ್ಲಿ ನನಗೆ ಅನುಮಾನವಿಲ್ಲ: ಆ ಪರೀಕ್ಷೆಯ ನಂತರ, ನಿವೃತ್ತನಾಗುವವರೆಗೂ, ಯಾವ ತರಗತಿಯಲ್ಲೂ 'ಕೈಕಟ್ಟಿ ಕುಳಿತುಕೊಳ್ಳಿ' ಎಂದು ನಾನು ಹೇಳಲಿಲ್ಲ.