ಹಳ್ಳಕ್ಕೆ ಚಪ್ಪಲಿ ಬಿಡುತ್ತಿದ್ದ ಖಾದರಸಾಬರು

ನೀರಿಲ್ಲದ ಹಳ್ಳಕ್ಕೆ ಚಪ್ಪಲಿ ಬಿಟ್ಟು ಇಳಿಯುವ ಮನುಷ್ಯರನ್ನು ನಾನು ಕಂಡದ್ದು ಒಬ್ಬರನ್ನೇ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ಕೋಳಿಗಳು ಕೂಡ ಬೇಲಿಯ ನೆರಳು ಬಿಟ್ಟು ಕದಲದ ಹೊತ್ತಿನಲ್ಲಿ, ಸರ್ವೇ ಖಾದರಸಾಬರು ಹಳ್ಳದ ದಂಡೆಗೆ ಬಂದವರೇ ಚಪ್ಪಲಿ ಕಳಚಿ, ಒಂದರ ಮೇಲೊಂದು ಜೋಡಿಸಿ ಕಂಕುಳಲ್ಲಿ ಇರುಕಿಕೊಂಡು, ಪೈಜಾಮವನ್ನು ಮೊಣಕಾಲವರೆಗೆ ಮಡಚುತ್ತಿದ್ದರು. ನೋಡಿದವರು ಎದುರಿಗೆ ಹೊಳೆಯೇ ತುಂಬಿ ಹರಿಯುತ್ತಿದೆ ಎಂದುಕೊಳ್ಳಬೇಕು. ಅಲ್ಲಿ ಇರುತ್ತಿದ್ದದ್ದು ಜಾಲಿ ಗಿಡ, ಒಣ ಮಣ್ಣು, ಯಾರೋ ಬಿಸಾಡಿದ ಪ್ಲಾಸ್ಟಿಕ್ ಚೀಲ.

ಅವರು ನಮ್ಮ ಕಡೆಯ ಭೂಮಾಪಕರು. ನಾನು ಕುಷ್ಟಗಿಯಿಂದ ತಾವರಗೇರಾಕ್ಕೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಒಂದು ಊರಿನ ಗ್ರಾಮಲೆಕ್ಕಿಗ. ಹೊಲದ ಗಡಿ ಅಳೆದು ನಕಾಶೆ ಬರೆಯುವುದು ಅವರ ಕೆಲಸ, ಸ್ಥಳ ನೋಡಿ ವರದಿ ಬರೆಯುವುದು ನನ್ನ ಕೆಲಸ. ವಯಸ್ಸಿನಲ್ಲಿ ನನಗಿಂತ ಭಾಳ ಹಿರಿಯರು, ನನ್ನನ್ನು ‘ತಮ್ಮಾ’ ಎಂದೇ ಕರೆಯುತ್ತಿದ್ದರು. ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿಯುವರು. ಮದುವೆಗೆ ಹೋದರೂ ಹಂದರದ ಉದ್ದಗಲವನ್ನು ಹೆಜ್ಜೆ ಹಾಕಿ ಅಳೆದೇ ಊಟಕ್ಕೆ ಕೂರುವರು. ಕಚೇರಿಯಲ್ಲಿ ನಾವೆಲ್ಲ ಅವರಿಗೆ ‘ಕಾಲು ಮಷೀನು’ ಎಂದು ಹೆಸರಿಟ್ಟಿದ್ದೆವು. ಅದು ಅವರಿಗೂ ಗೊತ್ತಿತ್ತು.

ಚಪ್ಪಲಿ ಯಾಕೆ ಬಿಡುತ್ತೀರಿ ಎಂದು ಮೊದಲ ವರ್ಷವೇ ಕೇಳಿದ್ದೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಹಳೆಯ ಹಳ್ಳದ ಮರಳು ಬೆರೆತಲ್ಲಿ ಮಾತ್ರ ಬಿಡುವುದಿಲ್ಲ, ಎಷ್ಟು ಸಲ ರಂಟೆ ಹೊಡೆದು ಮುಚ್ಚಿದರೂ ಅಂಗಾಲಿಗೆ ಅದು ತಿಳಿದುಬಿಡುತ್ತದೆ ಎಂದು ವಿವರಿಸಿದ್ದರು.

“ಕಣ್ಣಿಗೆ ಬರೇ ಹೊಲ ಕಾಣತೈತಿ ತಮ್ಮಾ. ಹಳ್ಳ ಕಾಲಿಗೆ ಸಿಗತೈತಿ.”

ನಾನು ನಂಬಿರಲಿಲ್ಲ. ಆಮೇಲೆ ಒಮ್ಮೆ ಅಣ್ಣತಮ್ಮಂದಿರಿಬ್ಬರು ಒಂದು ಪಟ್ಟಿ ಹೊಲಕ್ಕಾಗಿ ಜಗಳ ತೆಗೆದು ಅಳತೆಗೆ ಅರ್ಜಿ ಕೊಟ್ಟರು. ಖಾದರಸಾಬರು ಬರಿಗಾಲಲ್ಲಿ ಆ ಪಟ್ಟಿಯ ಮೇಲೆ ನಾಲ್ಕಾರು ಸಲ ಹೋಗಿ ಬಂದು, ಒಂದು ಕಡೆ ನಿಂತು, ಇಲ್ಲಿ ಅಗೆಯಿರಿ ಎಂದರು. ಮೊಳದಾಳ ಅಗೆಯುವುದರೊಳಗೆ ಬಿಳಿ ಮರಳು ಬಂತು, ಅದರಲ್ಲಿ ಸಣ್ಣ ಸಣ್ಣ ಶಂಖದ ಹುಳುವಿನ ಚಿಪ್ಪು. “ಇದು ನಿಂದೂ ಅಲ್ಲ, ಅವಂದೂ ಅಲ್ಲ. ಹಳ್ಳದ್ದು ಐತಿ. ಇಬ್ಬರೂ ಬಿಡ್ರಿ,” ಎಂದು ಕೈ ಕೊಡವಿಕೊಂಡರು. ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದ ಆ ಅಣ್ಣತಮ್ಮಂದಿರು ಅವತ್ತು ಒಂದಾಗಿ ಖಾದರಸಾಬರನ್ನು ಬೈದರು. ಇವರು ನಗುತ್ತಾ ನನ್ನ ಬೈಕಿನ ಹಿಂದೆ ಹತ್ತಿ ಕೂತರು.

ಇನ್ನು ನನ್ನ ತಪ್ಪಿನ ಮಾತು ಹೇಳಬೇಕು. ಊರ ಹೊರಗಿನ ಹುಣಸೆಹಳ್ಳವನ್ನು ಎರಡೂ ದಂಡೆಯವರು ವರ್ಷಕ್ಕಿಷ್ಟು ಉತ್ತು ಉತ್ತು ಹೊಲವೇ ಮಾಡಿಬಿಟ್ಟಿದ್ದರು. ಅಲ್ಲಿ ಮನೆ ನಿವೇಶನ ಮಾಡಲು ಅರ್ಜಿ ಬಂತು. ಖಾದರಸಾಬರು ತಮ್ಮ ನಕಾಶೆಯಲ್ಲಿ ನೀಲಿ ಪೆನ್ಸಿಲಿನಿಂದ ಹಳ್ಳವನ್ನು ದಪ್ಪಗೆ ಎಳೆದು ಕಳಿಸಿದರು. ನಾನು ಬಿರುಬಿಸಿಲಲ್ಲಿ ಹೋಗಿ, ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ಬೂಟುಗಾಲಲ್ಲಿ ನಿಂತು ನೋಡಿದೆ. ಉತ್ತ ಹೊಲ ಕಂಡಿತು. ‘ಸ್ಥಳದಲ್ಲಿ ಹಳ್ಳ ಕಂಡುಬರುವುದಿಲ್ಲ’ ಎಂದು ವರದಿ ಬರೆದೆ. ಯಾರೂ ನನಗೆ ಏನೂ ಕೊಡಲಿಲ್ಲ, ಯಾರೂ ಹೆದರಿಸಲಿಲ್ಲ. ಬಿಸಿಲು ಜಾಸ್ತಿ ಇತ್ತು, ಅಷ್ಟೇ.

ಅದು ಗೊತ್ತಾಗಿ ಖಾದರಸಾಬರು ನನ್ನ ಕಚೇರಿಗೇ ಬಂದರು. ಒಮ್ಮೆ ಬಾ, ಬೂಟು ಬಿಚ್ಚಿ ನನ್ನ ಜೊತೆ ನಡೆ, ಆಮೇಲೆ ಏನು ಬೇಕಾದರೂ ಬರೆ ಎಂದರು. ನಾನು ಎಲ್ಲರ ಎದುರಿಗೆ ತಮಾಷೆ ಮಾಡಿದೆ. “ಸಾಬ್ರ, ಊರಾಗ ಕುಡ್ಯಾಕ ನೀರಿಲ್ಲ, ನೀವು ಹೊಳಿ ಬರತೈತಿ ಅಂತೀರಲ್ರಿ.” ಕಚೇರಿಯೆಲ್ಲ ನಕ್ಕಿತು. ಅವರೂ ನಕ್ಕರು. ಬಸಿಯಲ್ಲಿದ್ದ ಚಹಾ ಮುಗಿಸಿ ಎದ್ದು ಹೋದರು. ಮರುವರ್ಷ ನಿವೃತ್ತರಾದರು.

ನಮ್ಮ ಕಚೇರಿಯ ಮುಂದೆ ಈರವ್ವ ಎಂಬಾಕೆ ಮಿರ್ಚಿ ಕರಿದು ಮಾರುತ್ತಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ, ಒಂದು ಆಡು ಸಾಕಿಕೊಂಡಿದ್ದಳು. ನನ್ನ ಮುಖ ನೋಡಿಯೇ ಹಸಿವು ಎಷ್ಟಿದೆ ಎಂದು ಹೇಳುವಾಕೆ. ಆ ನಿವೇಶನದಲ್ಲಿ ಜಾಗ ತೆಗೆದುಕೊಳ್ಳುವ ಮೊದಲು ನನ್ನನ್ನು ಕೇಳಿದಳು. ಸರ್ವೇ ಸಾಬರು ಬೇಡ ಅನ್ನುತ್ತಾರೆ, ನೀನು ಏನು ಹೇಳುತ್ತೀ ಅಂದಳು. “ಕಣ್ಣು ಮುಚ್ಚಿ ತಗೋ ಬೇ ಯವ್ವಾ,” ಅಂದೆ. ಸಹಿ ಮಾಡುವವನು ನಾನಲ್ಲವೇ, ನನ್ನ ಮಾತನ್ನೇ ನಂಬಿದಳು. ಹೊಸ ಮನೆಯ ಒಲೆಯ ಮೇಲೆ ಕರಿದ ಮೊದಲ ಮಿರ್ಚಿಯನ್ನು ಕಾಗದದಲ್ಲಿ ಕಟ್ಟಿ ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದಳು.

ಆಮೇಲೊಂದು ವರ್ಷ ಹಸ್ತ ಮಳೆ ಎರಡು ದಿನ ಬಿಡದೆ ಹೊಡೆಯಿತು. ಮೇಲಿನ ಗುಡ್ಡದಲ್ಲಿ ಕಲ್ಲಿನ ಕ್ವಾರಿಯವರು ಬೇಡವಾದ ಬಂಡೆಗಳನ್ನೆಲ್ಲ ಹಳ್ಳದ ಬಾಯಿಗೇ ಸುರಿದಿದ್ದರು. ನೀರು ಅದರ ಹಿಂದೆ ಕೆರೆಯ ಹಾಗೆ ನಿಂತು, ಮೂರನೇ ದಿನ ಮಧ್ಯಾಹ್ನ, ಶಾಲೆ ಬಿಡುವ ಹೊತ್ತಿಗೆ ಒಡೆಯಿತು. ಅದಕ್ಕೂ ಮೊದಲೇ, ಇಷ್ಟು ಮಳೆಗೂ ಹಳ್ಳ ಬಾರದ್ದು ಕಂಡು ಖಾದರಸಾಬರು ಕೊಡೆ ಹಿಡಿದು ಓಡಿಬಂದು, ರಸ್ತೆಯ ಕಡೆ ಹೋಗಬೇಡಿ, ಅದು ತಗ್ಗು, ಹನುಮಪ್ಪನ ಗುಡಿಯ ದಿಬ್ಬ ಹತ್ತಿರಿ ಎಂದು ನಿವೇಶನದ ಮನೆ ಮನೆಯ ಬಾಗಿಲು ಬಡಿದಿದ್ದರು. ಜನ ದಿಬ್ಬ ಹತ್ತಿದರು. ಈರವ್ವನೂ ಹತ್ತಿದ್ದಳು. ಆಡು ಕಟ್ಟಿದ್ದು ನೆನಪಾಗಿ, ಖಾದರಸಾಬರು ಸೆರಗು ಹಿಡಿದರೂ ಕೊಸರಿಕೊಂಡು ಕೆಳಗೆ ಓಡಿದಳು. ಮರುದಿನ ಕೆಳಗಿನ ಊರಿನ ಜೋಳದ ಹೊಲದಲ್ಲಿ ಸಿಕ್ಕಳು.

ವಿಚಾರಣೆ ನಡೆಯಿತು. ಗುಡ್ಡ ನೋಡುವ ಕಚೇರಿ, ಹೊಲ ನೋಡುವ ಕಚೇರಿ, ಮನೆಗೆ ಪರವಾನಗಿ ಕೊಡುವವರು, ಚೆಕ್ ಡ್ಯಾಂ ಕಟ್ಟುವವರು, ಎಲ್ಲರೂ ತಮ್ಮ ತಮ್ಮ ಕಾಗದ ತಂದಿದ್ದರು. ಯಾರ ಕಾಗದದಲ್ಲೂ ತಪ್ಪಿರಲಿಲ್ಲ, ನನ್ನದರಲ್ಲಿ ಕೂಡ. ಹಳ್ಳ ಇಲ್ಲವೆಂದು ಬರೆದವರು ಯಾರು ಎಂದು ದೊಡ್ಡ ಸಾಹೇಬರು ಕೇಳಿದಾಗ ಸಾಕ್ಷಿ ಹೇಳಲು ಕರೆಸಿದ್ದ ಖಾದರಸಾಬರು ನನ್ನ ಕಡೆ ತಿರುಗಿ ಸಹ ನೋಡಲಿಲ್ಲ.

“ಎಲ್ಲಾರ ಕಾಗದಾನೂ ಬರೋಬ್ಬರಿ ಅದಾವ್ರಿ. ಆಫೀಸು ನಾಕು, ಹಳ್ಳ ಒಂದ. ಗುಡ್ಡದಿಂದ ಕೆಳಗಿನ ಕೆರಿ ಮಟ ಒಬ್ಬರಾದ್ರೂ ನಡದು ನೋಡೀರೇನ್ರಿ?”

ಯಾರೂ ನಡೆದಿರಲಿಲ್ಲ. ಕೊನೆಗೆ ಅವರ ಮಾತೇ ಆದೇಶವಾಯಿತು. ನಾಲ್ಕೂ ಕಚೇರಿಯವರು ಕೂಡಿ ಹಳ್ಳವನ್ನು ತಲೆಯಿಂದ ಬುಡದವರೆಗೆ ಗುರುತಿಸಬೇಕು, ಒಂದೇ ನಕಾಶೆಯಲ್ಲಿ ಬರೆಯಬೇಕು, ಅದರ ಅಗಲದಲ್ಲಿ ಕಲ್ಲು ಸುರಿಯಲಿಕ್ಕಾಗಲಿ, ಉಳಲಿಕ್ಕಾಗಲಿ, ಮನೆ ಕಟ್ಟಲಿಕ್ಕಾಗಲಿ ಯಾವ ಕಚೇರಿಯೂ ತಾನೊಂದೇ ಅನುಮತಿ ಕೊಡಬಾರದು. ಗುರುತು ಹಚ್ಚಿಕೊಡಲು ಖಾದರಸಾಬರೇ ಬರಬೇಕೆಂದು ಪಂಚಾಯಿತಿಯವರು ಮನೆಗೆ ಹೋಗಿ ಕರೆದರು.

ಬೇಸಿಗೆಯ ಒಂದು ಮುಂಜಾನೆ ಗುಡ್ಡದ ಬುಡದಿಂದ ಹೊರಟೆವು. ಎಂದಿನಂತೆ ಅವರು ಒಂದು ಬಂಡೆಯ ಹತ್ತಿರ ಚಪ್ಪಲಿ ಕಳಚಿ ಕೆಳಗಿಳಿದರು. ಹತ್ತು ಹೆಜ್ಜೆ ಹೋದವರು ನಿಂತರು. ಕಾಲು ಎತ್ತಿ ಇನ್ನೊಂದು ಕಡೆ ಊರಿದರು, ಮತ್ತೊಂದು ಕಡೆ ಊರಿದರು. ಆಮೇಲೆ ನನ್ನನ್ನು ಹತ್ತಿರ ಕರೆದು, ಉಳಿದವರಿಗೆ ಕೇಳದ ಹಾಗೆ ಹೇಳಿದರು.

“ಶುಗರ್ ಆಗಿ ಭಾಳ ದಿನ ಆತು ತಮ್ಮಾ. ಕಾಲಿಗೆ ಏನೂ ತಿಳೀವಲ್ದು. ನೀ ಬೂಟು ಬಿಚ್ಚು.”

ಬಿಚ್ಚಿದೆ. ಅವರು ನಕಾಶೆ ಹಿಡಿದು ದಂಡೆಯ ಮೇಲೆ, ನಾನು ಕೆಳಗೆ ಆಚೆ ಈಚೆ. ಕಾಲಿಗೆ ಏನು ಹತ್ತುತ್ತಿದೆ ಎಂದು ಅವರು ಕೇಳುವರು, ಮಣ್ಣು ಎಂದೋ ಮರಳು ಎಂದೋ ನಾನು ಕೂಗುವೆ, ಅವರು ಗೆರೆ ಎಳೆಯುವರು. ಮಧ್ಯಾಹ್ನದ ಹೊತ್ತಿಗೆ ನನ್ನ ಅಂಗಾಲು ಬೆಂದುಹೋಗಿತ್ತು, ಆದರೆ ಕೇಳಿದ್ದಕ್ಕೆ ತಡವರಿಸದೆ ಉತ್ತರ ಹೇಳುವಷ್ಟು ಕಲಿತಿತ್ತು. ಅವತ್ತೆಲ್ಲ ನಾನು ನನ್ನ ಕಾಲನ್ನೇ ನೋಡಿಕೊಂಡು ನಡೆದೆ.

ಇಳಿಹೊತ್ತಿಗೆ ಈರವ್ವನ ಮನೆಯಿದ್ದ ಜಾಗಕ್ಕೆ ಬಂದೆವು. ಗೋಡೆ ಇರಲಿಲ್ಲ. ಮೇಲಿನ ಎರೆಮಣ್ಣನ್ನು ನೀರು ಕೆತ್ತಿಕೊಂಡು ಹೋಗಿ ತಳದ ಹಳೆಯ ಮರಳು ಬಯಲಾಗಿತ್ತು, ಅದೇ ಚಿಪ್ಪುಗಳು. ಒಲೆ ಇದ್ದ ಕಡೆ ನಿಂತೆ. “ಏನ್ ಹತ್ತತೈತಿ?” ಎಂದು ದಂಡೆಯ ಮೇಲಿಂದ ಕೇಳಿದರು. ಹೆಬ್ಬೆರಳಿನಿಂದ ಒಂದು ಚಿಪ್ಪನ್ನು ಬದಿಗೆ ಸರಿಸಿದೆ. ಮತ್ತೆ ಕೇಳಿದರು. “ಮರಳು,” ಅಂದೆ. ಅವರು ಬರೆದುಕೊಂಡರು. ನಾನು ಅಲ್ಲಿಯೇ ಕೂತು ಅತ್ತೆ. ಅವರು ನಿಧಾನವಾಗಿ ಇಳಿದು ಬಂದು ನನ್ನ ತಲೆಯ ಮೇಲೆ ಕೈ ಇಟ್ಟರು.

“ನೀ ಸುಳ್ಳು ಬರದಿದ್ದಿಲ್ಲ ತಮ್ಮಾ. ಕೆಳಗಿಳದು ನೋಡಿದ್ದಿಲ್ಲ, ಅಷ್ಟ.”

ಸಂಜೆ ಅವರನ್ನು ಜೀಪಿನಲ್ಲಿ ಮನೆಗೆ ಕಳಿಸಿದರು. ನಾನು ಬೈಕ್ ತರಲು ಗುಡ್ಡದ ಬುಡಕ್ಕೆ ಹೋದರೆ, ಬಂಡೆಯ ಹತ್ತಿರ ಅವರ ಚಪ್ಪಲಿ ಅಲ್ಲೇ ಇದ್ದವು. ಕಂಕುಳಲ್ಲಿ ಇರುಕಿಕೊಳ್ಳುವುದನ್ನು ಮರೆತಿದ್ದರು. ದಿನವಿಡೀ ಜಾಲಿ ಮುಳ್ಳಿನ ದಂಡೆಯ ಮೇಲೆ ಬರಿಗಾಲಲ್ಲಿ ನಡೆದಿದ್ದರು, ಅದು ಅವರ ಕಾಲಿಗೂ ತಿಳಿಯಲಿಲ್ಲ, ನನ್ನ ಕಣ್ಣಿಗೂ ಬೀಳಲಿಲ್ಲ. ನಾಳೆ ಕೊಟ್ಟರಾಯಿತು ಎಂದು ಬೈಕಿನ ಪೆಟ್ಟಿಗೆಯಲ್ಲಿ ಹಾಕಿಕೊಂಡೆ. ಹಳ್ಳದ ಗಡಿಗೆ ಗುರುತಿನ ಕಲ್ಲು ಹುಗಿಸುವ ಗಡಿಬಿಡಿಯಲ್ಲಿ ಆ ನಾಳೆ ಒಂದು ತಿಂಗಳಾಯಿತು.

ಕೊಪ್ಪಳದ ಆಸ್ಪತ್ರೆಯಲ್ಲಿದ್ದಾರೆಂದು ಕೇಳಿ ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡೇ ಹೋದೆ. ಹಾಸಿಗೆಯ ಮೇಲೆ ಹೊದಿಕೆ ಬಲಮೊಣಕಾಲಿನಿಂದ ಕೆಳಗೆ ಚಪ್ಪಟೆಯಾಗಿತ್ತು. ಮುಳ್ಳಿನ ಗಾಯ ಕೊಳೆತು ಮೇಲೇರಿತ್ತಂತೆ. ಚೀಲವನ್ನು ಮೆಲ್ಲಗೆ ಬೆಂಚಿನ ಕೆಳಗೆ ಸರಿಸಿದೆ.

ಕಲ್ಲು ಹುಗಿದಿರೇನು ಎಂದು ಕೇಳಿದರು. ಹುಗಿದೆವು, ಈರವ್ವನ ಒಲೆ ಇದ್ದಲ್ಲಿಯೂ ಒಂದು ಎಂದೆ. ಸಮಾಧಾನದಿಂದ ತಲೆಯಾಡಿಸಿದರು. ಆಮೇಲೆ ಏನೋ ನೆನಪಾದವರಂತೆ ಕೇಳಿದರು.

“ತಮ್ಮಾ, ಅವತ್ತ ಗುಡ್ಡದಾಗ ನನ್ನ ಚಪ್ಪಲಿ ಬಿಟ್ಟು ಬಂದೀನಿ. ನಿನಗೇನರ ಕಂಡ್ವೇನು?”

“ಇಲ್ರಿ ಸಾಬ್ರ,” ಅಂದೆ. “ಕಾಣಲಿಲ್ರಿ.”

ನಾಲ್ಕನೇ ದಿನ ತೀರಿಕೊಂಡರು.

ಈ ವರ್ಷ ಹಸ್ತ ಮಳೆಗೆ ಹುಣಸೆಹಳ್ಳ ಮತ್ತೆ ಬಂತು. ಈರವ್ವನ ಒಲೆ ಇದ್ದಲ್ಲಿ ಹುಗಿದ ಕಲ್ಲು ಅರ್ಧ ಮುಳುಗುವಷ್ಟು ಬಂದು, ಕಲ್ಲುಗಳ ನಡುವೆಯೇ ಹರಿದು ಹೋಯಿತು. ಜನ ದಿಬ್ಬದ ಮೇಲೆ ನಿಂತು ನೋಡಿದರು. ಅವರ ನಡುವೆ ಕೊಡೆ ಹಿಡಿದವರನ್ನು ನಾನು ಒಬ್ಬೊಬ್ಬರನ್ನಾಗಿ ತಿರುಗಿ ನೋಡಿದೆ. ಚಪ್ಪಲಿ ನನ್ನ ಕಚೇರಿಯ ಕಪಾಟಿನಲ್ಲಿವೆ, ಒಂದರ ಮೇಲೊಂದು.