ಸಾರ್ವಜನಿಕ ಎಂದರೆ ಯಾರು

ಒಂದು ಶಬ್ದಕ್ಕಾಗಿ ಇಷ್ಟು ವರ್ಷ ಯಾರಾದರೂ ಉರಿದುಕೊಳ್ಳುತ್ತಾರೆಯೇ ಎಂದು ಮನೆಯವರು ಕೇಳುತ್ತಾರೆ. ನಾನು ಉರಿದುಕೊಳ್ಳುತ್ತೇನೆ. ತಪ್ಪು ನನ್ನದಾಗಿದ್ದರೆ ಇಷ್ಟೊತ್ತಿಗೆ ಮರೆತುಬಿಡುತ್ತಿದ್ದೆ. ನನ್ನ ತಪ್ಪುಗಳನ್ನು ಮರೆಯುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಆದರೆ ಆ ಶಬ್ದವನ್ನು ನಾನು ಸರಿಯಾಗಿಯೇ ಬರೆದಿದ್ದೆ, ಅದೂ ನಿಘಂಟು ನೋಡಿ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಧಾರವಾಡದ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಗೋಪನಕೊಪ್ಪದ ಮನೆಯಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು, ಲಗ್ನಪತ್ರಿಕೆ, ಕೋರ್ಟಿನ ಅರ್ಜಿ, ಯಾರದೋ ಪಿಎಚ್.ಡಿ. ಪ್ರಬಂಧ ಟೈಪು ಮಾಡಿ ಸಂಜೆ ಕಣ್ಣು ಕೆಂಪಗೆ ಮಾಡಿಕೊಂಡು ಬರುವುದು. ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡುವ ಕೆಲಸ ಬಂದರೆ ಮಾಲೀಕರು ಅದನ್ನು ನನ್ನ ಮುಂದೆ ಸರಿಸುತ್ತಿದ್ದರು. ಬಿ.ಎ.ದಲ್ಲಿ ಇಂಗ್ಲಿಷ್ ಓದಿದವಳು ಅಲ್ಲಿ ನಾನೊಬ್ಬಳೇ.

ಹಾಗೆ ಒಂದು ದಿನ ಬಂದದ್ದು ದಪ್ಪ ಹಾಳೆಯ, ಬಣ್ಣದ ಚಿತ್ರಗಳ ಒಂದು ವರದಿ. ನಮ್ಮ ಭಾಗದ ಮೇಲೆ ಹಾಯುವ ಅತಿವೇಗದ ರೈಲುಮಾರ್ಗ ಒಂದನ್ನು ಖಾಸಗಿ ಕಂಪನಿ ಕಟ್ಟುವುದು, ಕಟ್ಟಿದ ಮೇಲೆ ಮೂವತ್ತು ವರ್ಷ ಅದನ್ನು ತಾನೇ ನೋಡಿಕೊಳ್ಳುವುದು, ಗಾಡಿಯ ಗಳಿಕೆಯಲ್ಲಿ ಪಾಲು ಪಡೆಯುವುದು ಎಂಬ ವಿಚಾರ. ಊರಿನ ಜನರ ಅಭಿಪ್ರಾಯ ಕೇಳಲು ಧಾರವಾಡದಲ್ಲಿ ಒಂದು ಸಭೆ ಇತ್ತು. ಅದಕ್ಕೆ ಕನ್ನಡದಲ್ಲಿ ಒಂದು ಕರಪತ್ರ, ಗೋಡೆಗೆ ಅಂಟಿಸಲು ದೊಡ್ಡಕ್ಷರದ ಪ್ರಕಟಣೆ, ಸಭೆಯಲ್ಲಿ ಕುರ್ಚಿಗಳಿಗೆ ಅಂಟಿಸುವ ಚೀಟಿಗಳು ಬೇಕಿದ್ದವು. ವರದಿಯ ಹಾಳೆ ಹಾಳೆಗೂ ಪಬ್ಲಿಕ್ ಪ್ರೈವೇಟ್ ಪಾರ್ಟ್‌ನರ್‌ಶಿಪ್ ಎಂದಿತ್ತು. ನಾನು ಅದನ್ನು ‘ಸಾರ್ವಜನಿಕ-ಖಾಸಗಿ ಸಹಭಾಗಿತ್ವ’ ಎಂದು ಮಾಡಿದೆ. ಕುರ್ಚಿಯ ಚೀಟಿಯಲ್ಲಿ ಪಬ್ಲಿಕ್ ಪಾರ್ಟ್‌ನರ್ ಎಂದಿದ್ದಲ್ಲಿ ‘ಸಾರ್ವಜನಿಕ ಪಾಲುದಾರರು’ ಎಂದು ಬರೆದೆ. ಛಲೋ ಆಗಿದೆ ಎಂದು ನನಗೆ ನಾನೇ ಶಹಭಾಸ್ ಕೊಟ್ಟುಕೊಂಡೆ.

ಪ್ರಕಟಣೆಯ ಒಂದು ಪ್ರತಿಯನ್ನು ಮನೆಗೆ ಒಯ್ದೆ. ಅಪ್ಪನಿಗೆ ರೈಲಿನ ಸುದ್ದಿ ಎಂದರೆ ಊಟಕ್ಕಿಂತ ಹೆಚ್ಚು.

ಅಪ್ಪ ಕೀಮನ್ ಆಗಿದ್ದ. ಹಾಗೆಂದರೆ ಏನು ಎಂದು ಈಗ ಹೇಳಬೇಕಾಗುತ್ತದೆ, ಯಾಕೆಂದರೆ ರೈಲಿನಲ್ಲಿ ಓಡಾಡುವ ಜನಕ್ಕೆ ಡ್ರೈವರ್ ಗೊತ್ತು, ಗಾರ್ಡ್ ಗೊತ್ತು, ಟಿಕೆಟ್ ನೋಡುವವನಂತೂ ಚೆನ್ನಾಗಿ ಗೊತ್ತು, ಇವನು ಗೊತ್ತಿಲ್ಲ. ಹಳಿಯ ಒಂದಿಷ್ಟು ದೂರ ಅವನ ಪಾಲಿನದು. ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ನಟ್ಟು ಬಿಗಿಯುವ ಪಾನಾ, ಬಗಲಲ್ಲಿ ಕೆಂಪು ಹಸಿರು ಬಾವುಟ. ದಿನಾ ಬೆಳಿಗ್ಗೆ ಆ ತುದಿಯಿಂದ ಈ ತುದಿಗೆ ನಡೆಯಬೇಕು, ತಿರುಗಿ ಬರಬೇಕು, ಸಡಿಲಾದದ್ದನ್ನು ಬಿಗಿ ಮಾಡಬೇಕು, ಬಿರುಕು ಬಿಟ್ಟದ್ದನ್ನು ಹುಡುಕಬೇಕು. ಮೀಟರ್ ಗೇಜಿನ ಕಾಲದಲ್ಲಿ ಅಪ್ಪ ಹಳಿಯನ್ನು ಅಡಿಯ ಸ್ಲೀಪರಿಗೆ ಬಿಗಿಯುವ ಕಬ್ಬಿಣದ ಚಾವಿ ಬಡಿಯುತ್ತಿದ್ದ. ತೊಂಬತ್ತರ ದಶಕದಲ್ಲಿ ಬ್ರಾಡ್ ಗೇಜ್ ಬಂತು, ಕಟ್ಟಿಗೆಯ ಸ್ಲೀಪರ್ ಹೋಗಿ ಸಿಮೆಂಟಿನದು ಬಂತು, ಚಾವಿ ಹೋಗಿ ಕ್ಲಿಪ್ಪು ಬಂತು. ನಡೆಯುವುದು ಮಾತ್ರ ತಪ್ಪಲಿಲ್ಲ.

ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಅಪ್ಪನ ಪಾಲಿನ ಹಳಿಯಲ್ಲಿ ಒಂದು ಕಡೆ ಪಕ್ಕದ ಕೆರೆಯ ನೀರು ಜಿನುಗಿ ನೆಲ ಕುಸಿಯುತ್ತಿತ್ತು. ಆ ಜಾಗಕ್ಕೆ ಅವನು ‘ಲಬಾಡಿ’ ಎಂದು ಹೆಸರಿಟ್ಟಿದ್ದ. ನಮ್ಮ ಕಡೆ ಲಬಾಡಿ ಎಂದರೆ ಸುಳ್ಳುಬುರುಕ. ಮೇಲೆ ನೋಡಿದರೆ ಎಲ್ಲ ನೆಟ್ಟಗೆ, ಕೆಳಗೆ ಪೊಳ್ಳು. ಒಂದು ಸಲ, ನಾನು ಸಾಲಿಗೆ ಹೋಗುತ್ತಿದ್ದಾಗ, ದೊಡ್ಡ ಮಳೆಯ ಮರುದಿನ ಅವನಿಗೆ ರಜೆ ಇತ್ತು. ಸುಮ್ಮನೆ ಕೂಡ್ರಲಾರದೆ ಬಾವುಟ ಬಗಲಲ್ಲಿಟ್ಟುಕೊಂಡು ಹೋಗಿ ನೋಡಿದರೆ ಲಬಾಡಿಯ ಕೆಳಗಿನ ಜಲ್ಲಿಯೆಲ್ಲ ಜಾರಿ ಹಳಿ ಗಾಳಿಯಲ್ಲಿ ನಿಂತಿತ್ತು. ಪಂಚೆ ಎತ್ತಿ ಕಟ್ಟಿ ಓಡಿ, ಬರುತ್ತಿದ್ದ ಗಾಡಿಯನ್ನು ಕೆಂಪು ಬಾವುಟ ತೋರಿಸಿ ನಿಲ್ಲಿಸಿದ. ಕಿಟಕಿಯಿಂದ ತಲೆ ಹೊರಗೆ ಹಾಕಿದವರೊಬ್ಬರು, “ಏನ್ ಹಚ್ಚೀಯೋ, ನಮಗ ತಡಾ ಆಗಾಕತ್ತೈತಿ” ಎಂದು ಬೈದರಂತೆ. ಅಪ್ಪ ಅದನ್ನು ನಗುತ್ತ ಹೇಳುತ್ತಿದ್ದ. ನನಗೆ ಒಮ್ಮೆಯೂ ನಗು ಬಂದಿಲ್ಲ. ಆ ತಲೆ ಅಂದು ಹೆಗಲ ಮೇಲೆ ಉಳಿದದ್ದು ಯಾರಿಂದ?

ಅಪ್ಪ ನಿವೃತ್ತನಾದ ಮೇಲೆ ಆ ಪಾಲು ಚಾಚಾನಿಗೆ ಬಂತು. ಚಾಚಾ ಎಂದರೆ ಅಪ್ಪನ ಕೈಕೆಳಗೆ ಹಳಿ ರಿಪೇರಿಯ ಗ್ಯಾಂಗಿನಲ್ಲಿ ಕೆಲಸ ಕಲಿತವರು, ಗೋಪನಕೊಪ್ಪದಲ್ಲೇ ನಮ್ಮ ಓಣಿಯ ಹಿಂದಿನ ಮನೆ. ಡ್ಯೂಟಿ ಮುಗಿಸಿ ಬಂದು ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯದೆ ಅವರು ಮನೆಗೆ ಹೋದದ್ದನ್ನು ನಾನು ಕಾಣೆ. ಅಂದು ಅಪ್ಪ ಭೂತಗನ್ನಡಿ ಹಿಡಿದು ಪ್ರಕಟಣೆಯ ದೊಡ್ಡಕ್ಷರಗಳನ್ನು ಓದಿ ಅವರಿಗೆ ಹೇಳುತ್ತಿದ್ದ. ಅವನ ಎರಡೂ ಕಣ್ಣಿಗೆ ಮೋತಿಬಿಂದುವಿನ ಪೊರೆ ಬಂದಿತ್ತು.

“ಸಾರ್ವಜನಿಕ ಅಂದ್ರ ನಾವ ಅಲ್ಲೇನ್ ಭಾಯ್? ಕಂಪನಿ ಒಂದ್ ಪಾಲು, ನಾವೊಂದ್ ಪಾಲು. ಹೊಲಾ ಪಾಲಿಗೆ ಮಾಡಿಧಂಗ.”

“ಹಂಗ ಇದ್ರ ಛಲೋ ಆತಲ್ರಿ ಅಣ್ಣಾರ,” ಎಂದರು ಚಾಚಾ. “ಕಂಪನಿ ಬಂದ್ರ ನಡ್ಯೋ ಮಂದೀನ ತಗೀತಾರಂತ, ಬರೇ ಮಷಿನ್ ಓಡಸ್ತಾರಂತ, ಹಂಗಂತ ಮಾತೈತಿ. ನಾವ್ ನೌಕರಿಯಾಗ ಇದ್ದಾವ್ರು, ಬಾಯಿ ತೆಗ್ಯಾಂಗಿಲ್ಲ. ನೀವ ಕೇಳ್ರಿ.”

“ಕೇಳ್ತೀನಿ. ಪಾಲುದಾರ ಅಂದ ಮ್ಯಾಲ ಕೇಳಾಕ ಏನ್ ಅಂಜಿಕಿ?”

ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಅವನಿಗೆ ತಿಳಿಸಿ ಹೇಳಬೇಕಿತ್ತು. ಆ ಶಬ್ದಕ್ಕೆ ಬೇರೆ ಅರ್ಥ ಇರಬಹುದೆಂದು ನನಗೂ ಹೊಳೆದಿರಲಿಲ್ಲ, ಅದೇ ನಿಜ. ಅಪ್ಪ ಕನ್ನಡ ಓದಿದ್ದ, ನಾನು ಕನ್ನಡ ಬರೆದಿದ್ದೆ. ಸಾರ್ವಜನಿಕರು ಎಂದರೆ ಜನರು. ಬಾವಿಯ ಕಟ್ಟೆಯಿಂದ ಆಸ್ಪತ್ರೆಯ ಪಾಳಿಯವರೆಗೆ ಎಲ್ಲ ಕಡೆ ಆ ಶಬ್ದಕ್ಕೆ ನಮ್ಮಲ್ಲಿ ಅದೇ ಅರ್ಥ.

ಸಭೆಯ ದಿನ ನನಗೆ ಇನ್ನೊಂದು ಕೆಲಸ ಹಚ್ಚಿದ್ದರು. ಕಂಪನಿಯ ಸಾಹೇಬರಿಗೆ ಕನ್ನಡ ಬಾರದು. ಜನ ಕೇಳಿದ್ದನ್ನು ಇಂಗ್ಲಿಷಿನಲ್ಲಿ ಅವರಿಗೆ, ಅವರು ಹೇಳಿದ್ದನ್ನು ಕನ್ನಡದಲ್ಲಿ ಜನಕ್ಕೆ ನಾನು ಹೇಳಬೇಕು. ಹಾಗಾಗಿ ವೇದಿಕೆಯ ಪಕ್ಕ ಒಂದು ಕುರ್ಚಿ, ಮುಂದೊಂದು ಮೈಕು ಕೊಟ್ಟು ಕೂಡಿಸಿದ್ದರು. ಅಲ್ಲಿಂದ ನೋಡುತ್ತಿದ್ದಂತೆಯೇ ಅಪ್ಪ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಟೊಪ್ಪಿಗೆ. ಕುರ್ಚಿಗಳ ಸಾಲುಗಳನ್ನು ದಾಟಿ ಮೆಲ್ಲಗೆ ಮುಂದೆ ಬಂದು, ಬಗ್ಗಿ, ಮೊದಲ ಸಾಲಿನ ಚೀಟಿಗೆ ಭೂತಗನ್ನಡಿ ಹಿಡಿದು ಓದಿದ. ‘ಸಾರ್ವಜನಿಕ ಪಾಲುದಾರರು.’ ಟೊಪ್ಪಿಗೆ ಸರಿಮಾಡಿಕೊಂಡು ಅಲ್ಲಿಯೇ ಕೂತ.

ಆಗಲೂ ನನಗೆ ಅವನು ತಪ್ಪು ಜಾಗದಲ್ಲಿ ಕೂತಿದ್ದಾನೆ ಎನಿಸಿತೇ ಹೊರತು ಯಾಕೆ ತಪ್ಪು ಎಂದು ತಿಳಿಯಲಿಲ್ಲ. ವ್ಯವಸ್ಥೆ ನೋಡುವವನೊಬ್ಬ ಬಂದು ಅಪ್ಪನ ಭುಜ ತಟ್ಟಿದ.

“ಅಜ್ಜಾರ, ಹಿಂದ ಕೂಡ್ರಿ. ಇದು ನಿಮ್ಮ ಸೀಟಲ್ಲ.”

“ಬರದಾರಲ್ಲಪಾ ಇಲ್ಲೆ, ಸಾರ್ವಜನಿಕರು ಅಂತ.”

“ಅದು ಅಧಿಕಾರಿಗಳಿಗ್ರಿ. ಏಳ್ರಿ, ಸಾಹೇಬ್ರು ಬರಾಕತ್ತಾರ.”

ಅಪ್ಪ ಎದ್ದ. ಮತ್ತೊಮ್ಮೆ ಬಗ್ಗಿ ಚೀಟಿ ಓದಿದ, ಕಣ್ಣೇ ಕೈಕೊಟ್ಟಿರಬೇಕು ಎಂಬಂತೆ. ಆಮೇಲೆ ಹಿಂದಿನ ಸಾಲಿಗೆ ಹೋಗಿ ಕೂತ. ಎರಡು ನಿಮಿಷಕ್ಕೆ ಆ ಕುರ್ಚಿಗಳಲ್ಲಿ ಸಫಾರಿ ಹಾಕಿದವರು ಬಂದು ತುಂಬಿದರು. ಬಾಟಲಿ ನೀರು ಅವರ ಮುಂದಷ್ಟೇ ಇಟ್ಟಿದ್ದರು.

ಪರದೆಯ ಮೇಲೆ ಚಿತ್ರಗಳು ಬಂದವು. ಮೂತಿ ಚೂಪಾದ ಗಾಡಿ, ಗಾಜಿನ ಸ್ಟೇಷನ್ನು, ನಗುವ ಹೆಣ್ಣುಮಕ್ಕಳು. ಹಳಿ ಮಾತ್ರ ಒಂದು ಚಿತ್ರದಲ್ಲೂ ಸರಿಯಾಗಿ ಕಾಣಲಿಲ್ಲ. ಸಾಹೇಬರು ವೇಗ ಹೇಳಿದರು, ಸಮಯ ಉಳಿಯುವುದನ್ನು ಹೇಳಿದರು, ನಾನು ಗಿಳಿಯಂತೆ ಎಲ್ಲ ಕನ್ನಡಕ್ಕೆ ಹೇಳಿದೆ. ಪ್ರಶ್ನೆ ಕೇಳಬಹುದು ಎಂದಾಗ ಹಿಂದಿನಿಂದ ಅಪ್ಪ ಎದ್ದು ನಿಂತ.

“ನಾ ಮೂವತ್ತಕ್ಕೂ ಹೆಚ್ಚ ವರ್ಷ ಹಳಿ ನೋಡಿಕೊಂಡಾವ ಅದೇನಿ. ನೋಡಿಕೊಳ್ಳೋದು ಅಂದ್ರ ನಡ್ಯೋದು. ನಿಮ್ಮ ಹಳಿ ಮ್ಯಾಲ ದಿನಾ ಒಬ್ಬ ಮನಷ್ಯಾ ನಡೀತಾನಂತ ಕರಾರಿನ್ಯಾಗ ಬರೀರಿ. ಮಷಿನ್ ಬರಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮಳಿ ಆದ ಮರುದಿನ ಯಾರ್ ಬರ್ತಾರ್ರಿ? ಪಾಲುದಾರ ಅಂತ ಕೇಳಾಕತ್ತೇನಿ. ಪಾಲಿನ ಹೊಲದಾಗ ಬೆಳಿ ಹೋದ್ರ ಇಬ್ಬರಿಗೂ ಹೋಗತೈತಿ. ಇಲ್ಲೆ ಗಾಡಿ ಬಿದ್ರ ಯಾರ ಪಾಲಿಗೆ ಏನ್ ಬರತೈತಿ?”

ಸಭೆಯಲ್ಲಿ ಒಂದಿಬ್ಬರು ಚಪ್ಪಾಳೆ ತಟ್ಟಿದರು. ನಾನು ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಅಷ್ಟು ಚೆನ್ನಾಗಿ ನಾನು ಇನ್ನೆಂದೂ ಇಂಗ್ಲಿಷ್ ಮಾತಾಡಿಲ್ಲ. ಸಾಹೇಬರು ‘ಪಾಲುದಾರ’ ಎಂಬಲ್ಲಿ ನನ್ನನ್ನು ತಡೆದರು. ಈ ಮುದುಕ ಯಾವ ಕಂಪನಿಯವನು ಎಂದು ಕೇಳಿದರು. ಯಾವ ಕಂಪನಿಯವರೂ ಅಲ್ಲ, ಸಾರ್ವಜನಿಕರು ಎಂದೆ. ಅವರು ಪಕ್ಕದವರ ಕಡೆ ನೋಡಿ ನಕ್ಕರು. ಪಬ್ಲಿಕ್ ಎಂದರೆ ಇಲ್ಲಿ ಸರ್ಕಾರ, ಇಂಥವರಲ್ಲ, ಅದನ್ನು ಅವರಿಗೆ ತಿಳಿಸಿ ಎಂದು ನನಗೆ ಹೇಳಿದರು. ಹಳಿಯ ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ.

ಮೈಕು ನನ್ನ ಮುಂದಿತ್ತು. ಸಭೆಯೆಲ್ಲ ನನ್ನ ಬಾಯಿ ನೋಡುತ್ತಿತ್ತು. ಅವನು ನನ್ನ ಅಪ್ಪ ಎಂದು ಆ ವೇದಿಕೆಯ ಮೇಲಿನ ಯಾರಿಗೂ ಗೊತ್ತಿರಲಿಲ್ಲ.

“ಅಪ್ಪಾ,” ಎಂದೆ, “ಸಾರ್ವಜನಿಕ ಅಂದ್ರ ನಾವಲ್ಲಂತ. ಸರ್ಕಾರಂತ.”

ಅಪ್ಪ ಕೂಡ್ರಲಿಲ್ಲ. “ಹಂಗಾರ ನಾವ್ ಯಾರಂತ, ಕೇಳವಾ,” ಎಂದ. ಅದನ್ನೂ ನಾನು ಇಂಗ್ಲಿಷಿನಲ್ಲಿ ಕೇಳಿದೆ. ಮುಂದಿನ ಪ್ರಶ್ನೆ ಎಂದರು ಸಾಹೇಬರು.

ನನ್ನ ಸಿಟ್ಟು ಆ ನಗುವಿನ ಮೇಲೆ ಮಾತ್ರ ಎಂದುಕೊಳ್ಳಬೇಡಿ. ದೊಡ್ಡವರ ನಗು ನಾವು ಕಾಣದ್ದೇನಲ್ಲ. ಸಿಟ್ಟು ಇರುವುದು ಆ ಕಳ್ಳತನದ ಮೇಲೆ. ಜಮೀನು ಕೊಡುವಾಗ ಸಾರ್ವಜನಿಕರು ಸಹಕರಿಸಬೇಕು, ದೂಳು ಕುಡಿಯುವಾಗ ಸಾರ್ವಜನಿಕರು ತಾಳ್ಮೆಯಿಂದಿರಬೇಕು, ದಾಟುವ ದಾರಿ ಮುಚ್ಚಿದಾಗ ಸಾರ್ವಜನಿಕರು ಬಳಸು ದಾರಿ ಹಿಡಿಯಬೇಕು. ಆ ಎಲ್ಲ ಫಲಕಗಳನ್ನು ನಾನೇ ಟೈಪು ಮಾಡಿದ್ದೇನೆ, ಅವುಗಳಲ್ಲೆಲ್ಲ ಸಾರ್ವಜನಿಕರು ನಾವೇ. ಪಾಲು ಎಂಬ ಮಾತು ಬಂದ ಒಂದೇ ಒಂದು ಕಡೆ ಆ ಶಬ್ದ ಸದ್ದಿಲ್ಲದೆ ಎದ್ದು ಸಫಾರಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತುಬಿಡುತ್ತದೆ. ಖಾಸಗಿಯವರು ಹಳಿ ಹಾಕಲೇಬಾರದು ಎನ್ನುವವಳಲ್ಲ ನಾನು. ಯಾರು ಹಾಕಿದರೂ ಹಳಿ ಹಳಿಯೇ. ಆದರೆ ಅದರ ಮೇಲೆ ಹೋಗುವವರ, ಅದರ ಪಕ್ಕ ಬಾಳುವವರ, ಅದರ ಮೇಲೆ ನಡೆದು ಕಾಲು ಸವೆಸಿದವರ ಹೆಸರು ಹಿಡಿದು ಕರಾರು ಬರೆದು, ಆ ಕರಾರಿನಲ್ಲಿ ಅವರಿಗೆ ಕೂಡ್ರಲು ಒಂದು ಕುರ್ಚಿಯೂ ಇಲ್ಲವೆಂದರೆ ಅದಕ್ಕೆ ಸಹಭಾಗಿತ್ವ ಎನ್ನಬಾರದು. ಬೇರೆ ಶಬ್ದ ಹುಡುಕಿಕೊಳ್ಳಲಿ. ನಾನು ಬೇಕಾದರೆ ಪುಕ್ಕಟೆ ಹುಡುಕಿಕೊಡುತ್ತೇನೆ.

ಆ ಮಾರ್ಗ ಕೊನೆಗೂ ಆಗಲಿಲ್ಲ. ವರದಿ ಯಾವ ಕಪಾಟು ಸೇರಿತೋ ಗೊತ್ತಿಲ್ಲ. ಆಗದೇ ಹೋದದ್ದಕ್ಕೆ ಇನ್ನೂ ಏಕೆ ಸಿಟ್ಟು ಎನ್ನುವವರಿಗೆ ನಾನು ಸಭೆಯ ನಡಾವಳಿಯ ಮಾತು ಹೇಳುತ್ತೇನೆ.

ವಾರ ಕಳೆದ ಮೇಲೆ ನಡಾವಳಿ ನಮ್ಮ ಅಂಗಡಿಗೇ ಬಂತು, ಇಂಗ್ಲಿಷಿನಲ್ಲಿ, ಪ್ರತಿ ತೆಗೆದು ಹೊಲಿಗೆ ಹಾಕಲು. ಕನ್ನಡದಲ್ಲಿ ಬೇಡವಂತೆ. ನಾನು ನಿಂತಲ್ಲೇ ಓದಿದೆ. ಎಷ್ಟು ಗಂಟೆಗೆ ಶುರುವಾಯಿತು, ವೇದಿಕೆಯ ಮೇಲೆ ಯಾರಿದ್ದರು, ಯಾರು ಹಾರ ಹಾಕಿದರು, ಎಲ್ಲ ಇತ್ತು. ಪ್ರಶ್ನೋತ್ತರದ ಕೆಳಗೆ ಒಂದೇ ಸಾಲು: ಸಾರ್ವಜನಿಕರು ಯೋಜನೆಯನ್ನು ಸ್ವಾಗತಿಸಿದರು, ಯಾವುದೇ ಆಕ್ಷೇಪ ಬರಲಿಲ್ಲ. ಸ್ವಾಗತಿಸುವುದಕ್ಕೆ ಮತ್ತೆ ನಾವು ಸಾರ್ವಜನಿಕರಾಗಿದ್ದೆವು. ಸಿಟ್ಟಿನಲ್ಲಿ ಒತ್ತಿದ ಸ್ಟೇಪ್ಲರು ಓರೆಯಾಯಿತು, ಕೆಟ್ಟ ಪ್ರತಿಯನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದೆ. ಅಪ್ಪನಿಗೆ ತೋರಿಸಿ, ನೋಡು ಹೇಗೆ ಮಾಡಿದ್ದಾರೆ ಎಂದು ಕೂಗಾಡಬೇಕೆಂದಿದ್ದೆ.

ಕಟ್ಟೆಯ ಮೇಲೆ ಅಪ್ಪ, ಚಾಚಾ ಇಬ್ಬರೂ ಇದ್ದರು. ಒಂದು ಕಾಗದ ಬಂದಿದೆ ಎನ್ನುತ್ತ ನಾನು ಅದನ್ನು ಹೊರಗೆ ತೆಗೆಯುವುದರೊಳಗೆ ಅಪ್ಪ ಕೇಳಿದ. “ಸಭಾದ್ದೇನವಾ? ನಾ ಹೇಳಿದ್ದು ಬರದಾರೇನು?” ಸಭೆಯ ದಿನದಿಂದ ಅವನು ಆ ವಿಷಯ ಎತ್ತಿರಲಿಲ್ಲ. ಈಗ ಮುಖ ಮೇಲೆತ್ತಿ ನನ್ನ ದನಿ ಬಂದ ಕಡೆ ನೋಡುತ್ತಿದ್ದ. ಚಾಚಾ ಚಹಾದ ಬಟ್ಟಲು ಬಾಯಿಗೆ ಒಯ್ಯದೆ ಹಿಡಿದುಕೊಂಡಿದ್ದರು.

“ಬರದಾರಪ್ಪಾ.”

“ಓದು ಹಂಗಾರ. ಇಂಗ್ಲಿಷ್ ಇರಲಿ, ಕನ್ನಡದಾಗ ಹೇಳಿಕೋಂತ ಓದು.”

ನಾನು ಹಾಳೆಯ ಮೇಲೆ ಬೆರಳಿಟ್ಟು ಓದಿದೆ. ನಿವೃತ್ತ ಕೀಮನ್ ಒಬ್ಬರು ಎದ್ದು ನಿಂತು ಹಳಿಯ ಮೇಲೆ ದಿನವೂ ಒಬ್ಬ ಮನುಷ್ಯ ನಡೆಯಬೇಕೆಂದು ಕೇಳಿದರು, ಕಂಪನಿ ಅದನ್ನು ಒಪ್ಪಿ ಕರಾರಿನಲ್ಲಿ ಸೇರಿಸಿಕೊಂಡಿದೆ.

“ಛಲೋ ಆತ್ರಿ ಅಣ್ಣಾರ,” ಎಂದರು ಚಾಚಾ.

“ತಡೀ ಭಾಯ್,” ಎಂದು ಅಪ್ಪ ನನ್ನ ಕಡೆ ಬಗ್ಗಿದ. “ದಿನಾ ಅಂತ ಬರದಾರೋ, ಆಗಾಗ ಅಂತ ಬರದಾರೋ? ಛಂದಂಗ ನೋಡು. ಅಲ್ಲೇ ಮೋಸ ಮಾಡ್ತಾರ.”

ನಾನು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದೆ.

“ದಿನಾ ಅಂತನ ಐತಪ್ಪಾ.”

“ಮಳಿ ಆದ ಮರುದಿನದ್ದು?”

ನಾನು ಹಾಳೆ ತಿರುವಿ, ಅಲ್ಲಿ ಇಲ್ಲದ ಇನ್ನೊಂದು ಸಾಲನ್ನು ಓದಿದೆ.